ಪಾಯಿಂಟ್ 50 ಕೇಪಿನ ಪಿಸ್ತೂಲಿಗೆ ಯಾವ ಗುಂಡು? ಅಜ್ಜನ ಅಚ್ಚಿನ ಗುಂಡು ನಡೆದೀತಾ?

ಸಿರ್ಸಿಮಾಣಿ

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆ ಇಲ್ಲಿ ಕೇಳಬಹುದೋ ಇಲ್ವೋ ಅಂತ ಎರಡು ದಿನ ಯೋಚಿಸಿದೆ. ನಮ್ಮ ಕಡೆ ಕೇಪಿನ ಕೋವಿ (ಬಡಿದರೆ ಕಿಡಿ ಹಾರಿ ಮದ್ದು ಹೊತ್ತಿಸುವ ಪುಟ್ಟ ಟೋಪಿಯೇ ಕೇಪು) ಬಲ್ಲವರು ಇನ್ನೂ ಇದ್ದಾರಲ್ಲ, ಅದಕ್ಕೇ ಧೈರ್ಯ ಮಾಡಿದ್ದೇನೆ.

ನಾನಿರುವುದು ಅಮೆರಿಕದ ಇಂಡಿಯಾನಾದಲ್ಲಿ. ಅಲ್ಲಿ ಫ್ರೆಂಡ್‌ಶಿಪ್ ಅಂತ ಒಂದು ಸಣ್ಣ ಊರಿದೆ. ಮೂತಿಯಿಂದ ಮದ್ದು ತುಂಬುವ ಹಳೆ ನಮೂನೆಯ ಕೋವಿಗಳ ರಾಷ್ಟ್ರೀಯ ಸಂಘದ ಮೈದಾನ ಅಲ್ಲೇ ಇರುವುದು. 1933ರ ಸಂಘ. ಸ್ಪರ್ಧೆ ಇದ್ದಾಗ ಡೇರೆ, ಅಂಗಡಿ, ಹೊಗೆ, ಜನ ನೋಡಿದರೆ ನಮ್ಮ ಮಾರಿ ಜಾತ್ರೆಯೇ ನೆನಪಾಗುತ್ತದೆ. ಆಫೀಸಿನ ಗೆಳೆಯನೊಬ್ಬ ಒಮ್ಮೆ ಕರೆದುಕೊಂಡು ಹೋದ. ಆಮೇಲೆ ನಾನೂ ಒಂದು ಒಂಟಿ ಈಡಿನ ಕೇಪಿನ ಪಿಸ್ತೂಲು ಕೊಂಡೆ. ಪಾಯಿಂಟ್ 50, ಅಂದರೆ ನಳಿಗೆ ಒಳಗೆ ಅರ್ಧ ಇಂಚು, 12.7 ಮಿಲಿಮೀಟರ್. ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರು ಇದೆ. ನಳಿಗೆ ಉದ್ದ 10 ಇಂಚು.

ತೊಂದರೆ ಏನೆಂದರೆ, ಗುಂಡು ಒಂದೇ ಕಡೆ ಬೀಳುವುದಿಲ್ಲ. 25 ಗಜದಿಂದ ಐದು ಈಡು ಹೊಡೆದರೆ ಹತ್ತು ಇಂಚು ಅಗಲಕ್ಕೆ ಚೆಲ್ಲುತ್ತದೆ, ಊಟದ ತಟ್ಟೆಯಷ್ಟು. ಪಾಯಿಂಟ್ 490ರ ಉರುಟು ಗುಂಡು ಹಾಕಿದೆ. ಬೇರೆ ಕಂಪನಿಯ ಅದೇ ಅಳತೆಯ ಗುಂಡು ಹಾಕಿದೆ. ಮೊನೆ ಇರುವ ಉದ್ದನೆ ಗುಂಡೂ ಹಾಕಿ ನೋಡಿದೆ, ಅದಂತೂ ಕಾಗದದ ಮೇಲೆ ಉರುಟು ತೂತೇ ಮಾಡಲಿಲ್ಲ, ಭತ್ತದ ಕಾಳಿನ ಆಕಾರದ ಉದ್ದ ತೂತು. ಮದ್ದು 20 ಗ್ರೇನಿನಿಂದ 35ರವರೆಗೆ ಹಾಕಿದ್ದೇನೆ (ಒಂದು ಗ್ರಾಂಗೆ ಸುಮಾರು 15 ಗ್ರೇನು). ಗುಂಡಿಗೆ ಸುತ್ತುವ ಬಟ್ಟೆಗೆ ಮೊದಲು ಅಂಗಡಿಯ ಬಟ್ಟೆ, ಅದು ಮುಗಿದ ಮೇಲೆ ನನ್ನದೇ ಹಳೆ ಪಂಚೆ ಹರಿದು ಹಾಕಿದೆ. ನಗಬೇಡಿ.

ಈಗ ಅಡಿಕೆ ಕೊಯ್ಲಿಗೆ ಅಂತ ಊರಿಗೆ ಬಂದಿದ್ದೇನೆ. ಅಟ್ಟದ ಮೇಲೆ ಅಜ್ಜನ ಗುಂಡು ಎರೆಯುವ ಅಚ್ಚು ಸಿಕ್ಕಿತು. ಕತ್ತರಿ ಥರ ಇದೆ, ಕಬ್ಬಿಣದ್ದು. ಜೊತೆಗೆ ಡಬ್ಬಿಯಲ್ಲಿ ಹನ್ನೊಂದು ಸೀಸದ ಗುಂಡು. ಅಳೆದರೆ 12.1 ಮಿಲಿಮೀಟರ್. (ಕೋವಿ ಅಪ್ಪಯ್ಯನ ಹೆಸರಿಗಾಗಿದೆ, ಲೈಸೆನ್ಸ್ ಇದೆ, ಅದರ ಸುದ್ದಿ ಬೇರೆ.) ಈ ಗುಂಡು ನನ್ನ ಪಿಸ್ತೂಲಿಗೆ ನಡೆದೀತಾ? ಅಜ್ಜನ ಗುಂಡಿನಿಂದ ಒಂದು ಸ್ಪರ್ಧೆ ಹೊಡೆಯಬೇಕು ಅಂತ ಸುಮ್ನೆ ಒಂದು ಆಸೆ.

ಬೇಣದಮನೆ

ತಲೆಬರಹ ಓದಿ ಸಂಜೆಯ ಗುಂಡು ಅಂದುಕೊಂಡು ಓಡಿ ಬಂದೆ. ಸೀಸದ ಗುಂಡು ಅಂತ ಮೊದಲೇ ಹೇಳಬಾರದಿತ್ತಾ ಮಾರಾಯ.

ತೋಟದಭಾವ

ಮಾಣಿ, ಪಂಚೆ ಹರಿದು ಹಾಕಿದ್ದಕ್ಕೆ ನಗುವುದೇನೂ ಇಲ್ಲ. ನಾವು ತೆಂಗಿನ ನಾರು ತುರುಕುತ್ತಿದ್ದೆವು.

ನಮ್ಮದು ಸಿದ್ದಾಪುರ ಕಡೆ. ಮನೆಯಲ್ಲಿ ಒಂಟಿ ನಳಿಗೆಯ ಕೇಪಿನ ಕೋವಿ ಇದೆ, ಬೆಳೆ ರಕ್ಷಣೆಯ ಲೈಸೆನ್ಸು. ಈಗ ಅದರಿಂದ ಈಡು ಹೊಡೆದದ್ದಕ್ಕಿಂತ ಎಲೆಕ್ಷನ್ ಬಂದಾಗಲೆಲ್ಲ ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ಆಮೇಲೆ ಹೋಗಿ ವಾಪಸ್ ತಂದದ್ದೇ ಜಾಸ್ತಿ. ಮಂಗ ಓಡಿಸಲು ಬರೀ ಮದ್ದು ಹಾಕಿ ಸದ್ದು ಮಾಡುತ್ತಿದ್ದೆವು. ಈಗ ಮಂಗಗಳಿಗೂ ಅದು ಗೊತ್ತಾಗಿದೆ, ಸದ್ದು ಕೇಳಿ ಪಕ್ಕದ ತೋಟಕ್ಕೆ ಹೋಗಿ ಕೂತು, ಕಾಫಿ ಕುಡಿದು ಬರುವಷ್ಟರಲ್ಲಿ ವಾಪಸ್.

ಗುಂಡಿನ ವಿಚಾರ. ನಮ್ಮ ಕೋವಿಯ ನಳಿಗೆ ಒಳಗೆ ನುಣುಪು, ಗೀರು ಗೀರು ಇಲ್ಲ. ಚರೆಯನ್ನೂ (ಸಣ್ಣ ಸೀಸದ ಕಾಳು) ಹಾಕಬಹುದು, ಗುಂಡನ್ನೂ ಹಾಕಬಹುದು. ಗುಂಡು ಸ್ವಲ್ಪ ಸಡಿಲವೇ ಇರುತ್ತಿತ್ತು, ಇಲ್ಲದಿದ್ದರೆ ಎರಡು ಈಡಿನ ಮೇಲೆ ಮಸಿ ಕಟ್ಟಿ ಗಜ (ಗುಂಡು ಒತ್ತಿ ಇಳಿಸುವ ಕೋಲು) ಹಾಕಿ ಗುದ್ದಿದರೂ ಇಳಿಯುವುದಿಲ್ಲ. ನಿನ್ನ ಅಜ್ಜನ ಅಚ್ಚೂ ಅಂಥದ್ದೇ ಇರಬೇಕು. ದಪ್ಪ ಬಟ್ಟೆ ಸುತ್ತಿ ಹೊಡಿ, ಆಗುತ್ತದೆ. ಚೆಲ್ಲುವುದು ನಿಲ್ಲದಿದ್ದರೆ ಮದ್ದು ಇನ್ನೂ ಸ್ವಲ್ಪ ಜಾಸ್ತಿ ಹಾಕಿ ನೋಡು.

ಕುಮಟಾಕ್ಕ

ಭಾವ, ಬೇಜಾರು ಮಾಡಿಕೊಳ್ಳಬೇಡಿ. ಮದ್ದು ಜಾಸ್ತಿ ಹಾಕು ಅನ್ನುವ ಮಾತು ಮಾತ್ರ ವಾಪಸ್ ತಗೊಳ್ಳಿ. ಕೋವಿಗೂ ಪಿಸ್ತೂಲಿಗೂ ನಳಿಗೆಯ ಉದ್ದ, ದಪ್ಪ ಎರಡೂ ಬೇರೆ. ತಯಾರಿಸಿದವರು ಕೈಪಿಡಿಯಲ್ಲಿ ಕೊಟ್ಟ ಮಿತಿ ದಾಟುವ ಹಾಗೇ ಇಲ್ಲ. ಹತ್ತು ಇಂಚಿನ ನಳಿಗೆಯಲ್ಲಿ ಒಂದು ಹಂತದ ಮೇಲೆ ಹಾಕಿದ ಮದ್ದು ಒಳಗೆ ಉರಿಯುವುದೂ ಇಲ್ಲ, ಮೂತಿಯ ಹೊರಗೆ ಬೆಂಕಿಯಾಗಿ ಹೋಗುತ್ತದೆ. ಕೈ ಎಗರುವುದು ಜಾಸ್ತಿ ಆಗುತ್ತದೆ ಅಷ್ಟೇ.

ನಾನು ಹುಟ್ಟಿದ್ದು ಕುಮಟಾ, ಈಗ ಇರುವುದು ಜರ್ಮನಿ. ಇಲ್ಲಿನ ಕ್ಲಬ್ಬಿನಲ್ಲಿ ಕೇಪಿನ ಪಿಸ್ತೂಲು ಹೊಡೆಯುತ್ತೇನೆ. ಇಲ್ಲಿ ಒಂಟಿ ಈಡಿನ ಕೇಪಿನ ಪಿಸ್ತೂಲು ಕೊಳ್ಳಲು 18 ತುಂಬಿದ್ದರೆ ಸಾಕು, ಆದರೆ ಮದ್ದು ಕೊಳ್ಳಲು ಸ್ಫೋಟಕ ಕಾಯ್ದೆಯ 27ನೇ ಕಲಮಿನ ಪರವಾನಗಿ ಬೇಕು, ಅದಕ್ಕೆ ತರಬೇತಿ, ಪರೀಕ್ಷೆ ಎಲ್ಲ ಇದೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಈ ವಿಭಾಗಕ್ಕೆ ಕುಖೆನ್‌ರಾಯ್ಟರ್ ಅಂತ ಹೆಸರು, ರೇಗನ್ಸ್‌ಬರ್ಗ್ ಕಡೆಯ ಹಳೆ ಪಿಸ್ತೂಲು ತಯಾರಕರ ಮನೆತನದ್ದು. 25 ಮೀಟರ್, 30 ನಿಮಿಷ, 13 ಈಡು, ಒಳ್ಳೆಯ 10 ಮಾತ್ರ ಲೆಕ್ಕಕ್ಕೆ. ಅರ್ಧ ಗಂಟೆಯಲ್ಲಿ ಹದಿಮೂರು ಸಲ ಮದ್ದು, ಬಟ್ಟೆ, ಗುಂಡು, ಗಜ, ಕೇಪು. ತಲೆ ತಣ್ಣಗಿದ್ದರೆ ಧಾರಾಳ ಸಮಯ. ಒಂದು ಸಲ ಮದ್ದು ಹಾಕುವುದು ಮರೆತು ಬರೀ ಗುಂಡು ಇಳಿಸಿದಿರೋ, ಮುಗಿಯಿತು. ನನಗೆ ಹಾಗಾಗಿದೆ.

ತಮ್ಮಾ, ನೀನು ಮಾಡಿದ ತಪ್ಪು ನಾನೂ ಮೊದಲ ವರ್ಷ ಮಾಡಿದ್ದೆ. ಗುಂಡು ಬದಲಿಸಿದೆ, ಮದ್ದು ಬದಲಿಸಿದೆ, ಬಟ್ಟೆ ಬದಲಿಸಿದೆ, ಎಲ್ಲ ಒಟ್ಟಿಗೆ. ಸಾರಿಗೆ ಉಪ್ಪು, ಹುಳಿ, ಬೆಲ್ಲ ಮೂರೂ ಒಂದೇ ಸಲ ಹಾಕಿದರೆ ಯಾವುದು ಹೆಚ್ಚಾಯಿತು ಅಂತ ಹೇಗೆ ಗೊತ್ತಾಗಬೇಕು?

ಎರಡು ವಿಷಯ ಕೇಳುತ್ತೇನೆ. ನಿನ್ನ ನಳಿಗೆಯ ಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೆ? ಮತ್ತೆ, ಹೊಡೆದ ಮೇಲೆ ಮುಂದೆ ಬಿದ್ದ ಬಟ್ಟೆ ಚೂರನ್ನು ಎತ್ತಿ ನೋಡಿದ್ದೀಯಾ?

ಸಿರ್ಸಿಮಾಣಿ

ಅಕ್ಕಾ, ಬಟ್ಟೆ ಎತ್ತಿ ನೋಡಬೇಕು ಅಂತಲೇ ಗೊತ್ತಿರಲಿಲ್ಲ. ಫೋನಿನಲ್ಲಿದ್ದ ಒಂದು ಫೋಟೋ ಈಗ ದೊಡ್ಡದು ಮಾಡಿ ನೋಡಿದೆ. ಬೋರ್ಡಿನ ಮುಂದಿನ ಹುಲ್ಲಿನಲ್ಲಿ ಒಂದು ಚೂರು ಬಿದ್ದಿದೆ. ನಡುವೆ ಸುಟ್ಟು ದೊಡ್ಡ ತೂತು, ಅಂಚು ಮಾತ್ರ ಉಳಿದಿದೆ, ಬಳೆ ಥರ. ಅದು ಪಂಚೆಯದ್ದು. ಅಂಗಡಿಯ ಬಟ್ಟೆ ಹೇಗಿತ್ತೋ ನೆನಪಿಲ್ಲ. ಗೀರಿನ ಸುತ್ತು ಅಳೆಯುವುದು ಹೇಗೆ? ಪಿಸ್ತೂಲು ಈಗ ಅಲ್ಲಿದೆ, ಗೆಳೆಯನ ಹತ್ತಿರ. ಅವನಿಗೆ ಹೇಳಿ ಅಳೆಸುತ್ತೇನೆ.

ಕುಮಟಾಕ್ಕ

ಬಳೆ ಥರ ಅಂದೆಯಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಬೆಂಕಿ ಬಟ್ಟೆಯನ್ನು ದಾಟಿ ಗುಂಡಿನ ಪಕ್ಕದಿಂದ ನುಗ್ಗುತ್ತಿದೆ.

ಸುತ್ತು ಅಳೆಯುವುದು ಸುಲಭ. ಪಿಸ್ತೂಲು ಖಾಲಿ ಇದೆ, ಕೇಪು ಇಲ್ಲ ಅಂತ ಮೊದಲು ಗಜ ಇಳಿಸಿ ಖಾತ್ರಿ ಮಾಡಿಕೊಳ್ಳಬೇಕು. ಹಿಡಿ ತಿರುಗುವಂಥ ಕ್ಲೀನಿಂಗ್ ಗಜಕ್ಕೆ ಬಿಗಿಯಾಗಿ ಬಟ್ಟೆ ಕಟ್ಟಿ ತಳಕ್ಕೆ ಮುಟ್ಟಿಸಿ, ಗಜದ ಮೇಲೆ ಪೆನ್ಸಿಲ್ ಗುರುತು ಹಾಕಿ, ನಿಧಾನ ಹೊರಗೆ ಎಳೆಯಬೇಕು. ಎಷ್ಟು ಇಂಚಿಗೆ ಎಷ್ಟು ತಿರುಗಿತು ಅಂತ ನೋಡಿದರೆ ಆಯಿತು. ಪೂರ್ತಿ ಸುತ್ತು ಬೇಕಾಗಿಲ್ಲ, ಕಾಲು ಸುತ್ತು ಸಿಕ್ಕರೆ ನಾಲ್ಕರಿಂದ ಗುಣಿಸು.

ನಿಧಾನಕ್ಕೆ ತಿರುಗುವ ಗೀರು ಉರುಟು ಗುಂಡಿಗೆ ಚೆನ್ನಾಗಿ ಹೊಂದುತ್ತದೆ. ಉದ್ದನೆಯ ಮೊನೆಗುಂಡಿಗೆ ಬೇಗ ತಿರುಗುವ ಗೀರು ಬೇಕು, ಇಲ್ಲದಿದ್ದರೆ ಅದು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತ ಹೋಗುತ್ತದೆ. ನಿನ್ನ ಭತ್ತದ ಕಾಳಿನ ತೂತು ಅದೇ, ಗುಂಡು ಅಡ್ಡಡ್ಡ ಬಂದು ಬಡಿದಿದೆ. ಅದಲ್ಲದೆ ಮೊನೆಗುಂಡು ಉರುಟು ಗುಂಡಿಗಿಂತ ಬಹಳ ಭಾರ. ಭಾರದ ಗುಂಡಿಗೆ ನಳಿಗೆಯೊಳಗಿನ ಒತ್ತಡವೂ ಜಾಸ್ತಿ. ಕೈಪಿಡಿಯಲ್ಲಿ ಅದರ ಮಾತು ಇಲ್ಲದಿದ್ದರೆ ಹಾಕಲೇಬೇಡ.

ಕಾಳಿಸಂಗಮ

ಕೋವಿ ನನಗೆ ಗೊತ್ತಿಲ್ಲ. ಲೇತು ಗೊತ್ತು. ಕಾರವಾರದಲ್ಲಿ ಮೂವತ್ತು ವರ್ಷ ಬೋಟಿನ ಎಂಜಿನ್ ಕೆಲಸ ಮಾಡಿದವನು. ಈ ಚರ್ಚೆ ಓದಿ ಪೆನ್ನು ಹಿಡಿದು ಕೂತೆ, ಯಾಕೆಂದರೆ ಇದು ಪೂರ್ತಿ ವರ್ನಿಯರ್ (ಮಿಲಿಮೀಟರಿನ ಚೂರನ್ನೂ ಅಳೆಯುವ ಸಾಧನ) ಕೆಲಸ.

ಮಾಣಿ ಹೇಳಿದ ಪ್ರಕಾರ ನಳಿಗೆ 12.7. ಅದು ಗೀರಿನ ದಿಬ್ಬದಿಂದ ದಿಬ್ಬಕ್ಕೆ. ಗೀರಿನ ತಗ್ಗು ಒಂದೊಂದು ಕಡೆ 0.25 ಮಿಲಿಮೀಟರ್ ಇದೆ ಅಂತ ಇಟ್ಟುಕೊಳ್ಳಿ, ಅಂದರೆ ತಗ್ಗಿನಿಂದ ತಗ್ಗಿಗೆ 13.2. ಪಾಯಿಂಟ್ 490 ಗುಂಡು ಅಂದರೆ 12.45. ಉಳಿದ ಜಾಗ ತುಂಬುವುದು ಬಟ್ಟೆಯ ಕೆಲಸ, ಎರಡೂ ಬದಿ ಸೇರಿ ಮುಕ್ಕಾಲು ಮಿಲಿಮೀಟರ್. ಅಂದರೆ ಬಟ್ಟೆ 0.38 ದಪ್ಪ ಇರಬೇಕು. ದಿಬ್ಬದ ಜಾಗದಲ್ಲಿ ಅದು ಅದುಮಿಕೊಳ್ಳುತ್ತದೆ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಎಂಜಿನ್ನಿಗೆ ಗ್ಯಾಸ್ಕೆಟ್ ಇದ್ದ ಹಾಗೆ.

ಈಗ ಪಂಚೆ. ನಾನು ನನ್ನದೇ ಒಂದು ಹಳೆ ಪಂಚೆಯನ್ನು ಎಂಟು ಮಡಿಕೆ ಮಾಡಿ ವರ್ನಿಯರಿನಲ್ಲಿ ಹಿಡಿದು ಎಂಟರಿಂದ ಭಾಗಿಸಿದೆ. 0.2 ಸಹ ಬರಲಿಲ್ಲ. 12.45ಕ್ಕೆ 0.4 ಸೇರಿಸಿದರೆ 12.85. ತಗ್ಗು 13.2. ನಡುವೆ ಉಳಿದ ಜಾಗದಲ್ಲಿ ಬೆಂಕಿ ಹೋಗದೆ ಇನ್ನೇನು ಹೋಗುತ್ತದೆ? ಗ್ಯಾಸ್ಕೆಟ್ ಬದಲು ಪೇಪರ್ ಹಾಕಿದ ಹಾಗೆ. ಪಂಚೆ ಸುಡುವುದು ಸಹಜ.

ಅಜ್ಜನ ಗುಂಡಿಗೂ ಇದೇ ಲೆಕ್ಕ ಹಾಕಿ. 12.1 ಗುಂಡು, 13.2 ತಗ್ಗು. ಬಟ್ಟೆ 0.55 ಬೇಕು. ಅಷ್ಟು ದಪ್ಪದ್ದು ಅಂದರೆ ಕ್ಯಾನ್‌ವಾಸು. ಮಡಿಕೆ ಬಿದ್ದ ಜಾಗದಲ್ಲಿ ಒಂದು ದಪ್ಪ, ಇಲ್ಲದ ಜಾಗದಲ್ಲಿ ಇನ್ನೊಂದು. ಗುಂಡು ನಟ್ಟ ನಡುವೆ ಕೂರುವುದಿಲ್ಲ. ಹೋಗುವುದು ಹೋದೀತು, ಗುರಿಗೆ ಹೋಗುವುದಿಲ್ಲ.

ಬಟ್ಟೆ ಕೊಳ್ಳುವಾಗ ಒಂದು ಎಳೆ ಎಳೆದು ಬೆಂಕಿ ಕಡ್ಡಿ ತೋರಿಸಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗುತ್ತದೆ. ಕರಗಿ ಸಣ್ಣ ಮಣಿ ಥರ ಗಟ್ಟಿ ಆದರೆ ಪಾಲಿಯೆಸ್ಟರ್ ಸೇರಿದೆ ಅಂತ ಅರ್ಥ. ಅದು ನಳಿಗೆಯಲ್ಲಿ ಕರಗಿ ಮೆತ್ತಿಕೊಳ್ಳುತ್ತದೆ. ಹೊಸ ಬಟ್ಟೆಯ ಗಂಜಿಯನ್ನೂ ಒಮ್ಮೆ ಒಗೆದು ತೆಗೆಯಿರಿ.

ಸೀಸದ ಬಗ್ಗೆಯೂ ಎರಡು ಮಾತು. ಮೆತ್ತನೆಯ ಶುದ್ಧ ಸೀಸವೇ ಬೇಕು, ಉಗುರಿನಲ್ಲಿ ಗೀರಿದರೆ ಗೆರೆ ಬೀಳಬೇಕು. ಇಲ್ಲಿ ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಮಣಿ ಮೆತ್ತಗಿರುತ್ತದೆ. ಕಾರಿನ ಚಕ್ರಕ್ಕೆ ಬಡಿಯುವ ತೂಕದ ತುಂಡು ಗಟ್ಟಿ, ಅದರಲ್ಲಿ ಆಂಟಿಮನಿ ಬೆರೆಸಿರುತ್ತಾರೆ. ಹಳೆ ಬ್ಯಾಟರಿ ಒಡೆದು ಅದರ ಸೀಸ ಕರಗಿಸುವ ಕೆಲಸಕ್ಕೆ ಯಾರೂ ಕೈ ಹಾಕಬೇಡಿ, ವಿಷದ ಹೊಗೆ ಬರುತ್ತದೆ. ಶುದ್ಧ ಸೀಸವೇ ಆದರೂ ಮನೆಯೊಳಗೆ ಬೇಡ, ಅಡುಗೆ ಪಾತ್ರೆಯಲ್ಲಂತೂ ಬೇಡವೇ ಬೇಡ. ಸೀಸ ಕರಗುವುದು 327 ಡಿಗ್ರಿಗೆ. ಅದರೊಳಗೆ ಒಂದೇ ಒಂದು ಹನಿ ನೀರು ಬಿದ್ದರೂ ಉಗಿಯಾಗಿ ಸಿಡಿದು ಸೀಸ ಮುಖಕ್ಕೆ ಬರುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ಮಳೆಗಾಲದಲ್ಲಿ ಶೀಟಿನ ತೂತಿನಿಂದ ಒಂದು ಹನಿ ಬಿದ್ದು, ನನ್ನ ಕನ್ನಡಕದ ಗಾಜಿನ ಮೇಲೆ ಸೀಸದ ಚುಕ್ಕೆ ಕೂತಿತ್ತು. ಆ ದಿನ ಕನ್ನಡಕ ಹಾಕಿದ್ದೆ ಅನ್ನುವುದಷ್ಟೇ ನನ್ನ ಪುಣ್ಯ. ಆ ಕನ್ನಡಕ ಇನ್ನೂ ಇಟ್ಟುಕೊಂಡಿದ್ದೇನೆ.

ಬೇಣದಮನೆ

ರಿವಾಲ್ವರಿಗೂ ಹೀಗೆ ಬಟ್ಟೆ ಸುತ್ತುತ್ತಾರಾ? ಸಿನಿಮಾದಲ್ಲಿ ನೋಡಿದ ನೆನಪಿಲ್ಲ.

ಕುಮಟಾಕ್ಕ

ಇಲ್ಲ. ಕೇಪಿನ ರಿವಾಲ್ವರಿನಲ್ಲಿ ಗುಂಡು, ತಿರುಗುವ ಉರುಳೆಯಲ್ಲಿ ಅದು ಕೂರುವ ತೂತಿಗಿಂತ, ಅಂದರೆ ಕೋಣೆಗಿಂತ, ಒಂದು ಕೂದಲು ದೊಡ್ಡದಿರುತ್ತದೆ. ಪಾಯಿಂಟ್ 44 ಅನ್ನುವ ರಿವಾಲ್ವರಿಗೆ ಪಾಯಿಂಟ್ 451 ಇಲ್ಲವೇ 454 ಗುಂಡು. ಸನ್ನೆಯಿಂದ ಒತ್ತಿದಾಗ ಸುತ್ತಲೂ ಸೀಸದ ತೆಳು ಉಂಗುರ ಕತ್ತರಿಸಿ ಬೀಳುತ್ತದೆ. ಆ ಉಂಗುರ ಪೂರ್ತಿ ಬಂದರೆ ಬಿಗಿ ಕೂತಿದೆ ಅಂತ ಅರ್ಥ. ಇಲ್ಲದಿದ್ದರೆ ಒಂದರ ಬೆಂಕಿ ಪಕ್ಕದ ಕೋಣೆಗೆ ಹಾರುವ ಅಪಾಯ ಇದೆ. ಅದು ಬೇರೆಯೇ ಕತೆ.

ಕಾರವಾರದ ಅಣ್ಣನ ಲೆಕ್ಕಕ್ಕೆ ನನ್ನದೊಂದು ಸೇರಿಸುತ್ತೇನೆ. ಗುಂಡು ತೂಗಬೇಕು. ಅಕ್ಕಸಾಲಿಗರು ಇಡುವಂಥ ಸಣ್ಣ ತಕ್ಕಡಿ ಸಾಕು. ಪಾಯಿಂಟ್ 490ರ ಶುದ್ಧ ಸೀಸದ ಗುಂಡು ಹತ್ತಿರ ಹತ್ತಿರ 11.46 ಗ್ರಾಂ, ಅಂದರೆ 177 ಗ್ರೇನು. ಒಂದು ಡಬ್ಬಿ ತೂಗಿ, ತೂಕದ ಪ್ರಕಾರ ಸಾಲಾಗಿ ಇಡು. ಎರಡು ಮೂರು ಹಗುರ ಬಂದರೆ ಅವುಗಳ ಹೊಟ್ಟೆಯಲ್ಲಿ ಗಾಳಿಗುಳ್ಳೆ ಇದೆ, ಅವನ್ನು ಕೈ ಅಭ್ಯಾಸಕ್ಕೆ ಇಟ್ಟುಕೋ. ಅಚ್ಚಿನಲ್ಲಿ ಎರೆದ ಗುಂಡಾದರೆ ಸೀಸ ಹೊಯ್ದ ಜಾಗದಲ್ಲಿ ಒಂದು ಚಪ್ಪಟೆ ಮೊಟಕು ಉಳಿದಿರುತ್ತದೆ. ಅದು ಪ್ರತಿ ಸಲ ಮೇಲ್ಮುಖವಾಗಿ, ನಡುವೆ ಬರುವ ಹಾಗೆ ಇಡು.

ಆಮೇಲೆ ಪರೀಕ್ಷೆ. ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಕೈ ಊರಿ ಹೊಡಿ. ನಿನ್ನ ಕೈ ನಡುಕ ಇದರಲ್ಲಿ ಸೇರಬಾರದು. ಒಂದೇ ಗುಂಡು, ಒಂದೇ ಬಟ್ಟೆ, ಮದ್ದು ಕೈಪಿಡಿಯ ಕನಿಷ್ಠದಿಂದ ಶುರು. ಅಳತೆಯ ಬಟ್ಟಲಿನಿಂದಲೇ ಹಾಕು, ಡಬ್ಬಿಯಿಂದ ನೇರ ನಳಿಗೆಗೆ ಸುರಿಯಬೇಡ, ಒಳಗೆ ಕಿಡಿ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಹೊತ್ತಿಕೊಳ್ಳುತ್ತದೆ. ಐದು ಈಡು ಒಂದು ಕಾಗದಕ್ಕೆ. ಕಾಗದದ ಮೇಲೆ ದಿನಾಂಕ, ಮದ್ದು, ಬಟ್ಟೆ ಬರೆ. ಎರಡು ಗ್ರೇನು ಏರಿಸು, ಇನ್ನೊಂದು ಕಾಗದ. ಪ್ರತಿ ಈಡಿನ ಮೇಲೆ ಒದ್ದೆ ಬಟ್ಟೆ ಒಂದು, ಒಣ ಬಟ್ಟೆ ಒಂದು ಒಳಗೆ ಆಡಿಸಿ ಮಸಿ ತೆಗೆ. ಬೋರಾಗುತ್ತದೆ. ಆದರೆ ಮಸಿ ಕಟ್ಟಿದ ಮೂರನೇ ಈಡನ್ನು ಶುಚಿಯಾದ ಮೊದಲನೇ ಈಡಿನ ಜೊತೆ ಹೋಲಿಸಿ ಏನೂ ಪ್ರಯೋಜನ ಇಲ್ಲ.

ಬಿದ್ದ ಬಟ್ಟೆ ಎಲ್ಲ ಎತ್ತಿ ತಾ. ನಡುವೆ ಮಸಿಯ ಕಪ್ಪು ಚುಕ್ಕೆ, ಸುತ್ತ ಸ್ವಲ್ಪ ಕಂದು, ಅಂಚು ಹರಿಯದೆ ಇದ್ದರೆ ಚೆನ್ನಾಗಿದೆ. ನಡುವೆ ಸುಟ್ಟಿದ್ದರೆ ಬಟ್ಟೆ ತೆಳು ಅಥವಾ ಜಿಡ್ಡು ಕಡಿಮೆ. ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ ಇದ್ದರೆ ಗೀರಿನ ಅಂಚು ಹರಿತ ಇದೆ, ಇಲ್ಲವೇ ಮೂತಿಯಲ್ಲಿ ತುರುಕುವಾಗ ಕೊಯ್ದಿದೆ.

ತೋಟದಭಾವ

ಮದ್ದಿನ ಮಾತು ವಾಪಸ್ ತಗೊಂಡೆ ತಂಗಿ. ಇಲ್ಲದಿದ್ದರೆ ನಾನೇ ಮಾಡಿದ ಘನಕಾರ್ಯ ಮರೆತ ಹಾಗಾಗುತ್ತದೆ.

ನನಗೆ ಇಪ್ಪತ್ತು ವರ್ಷ ಇದ್ದಾಗ ಒಂದು ಸಂಜೆ ಗಡಿಬಿಡಿಯಲ್ಲಿ ಗುಂಡು ಇಳಿಸಿದೆ. ಅದು ಮಸಿಗೆ ಸಿಕ್ಕಿ ಅರ್ಧ ದಾರಿಯಲ್ಲೇ ನಿಂತಿತ್ತು. ಗಜ ಎಷ್ಟು ಹೊರಗೆ ಉಳಿದಿದೆ ಅಂತ ನೋಡಬೇಕಿತ್ತು, ನೋಡಲಿಲ್ಲ. ಹೊಡೆದೆ. ಸದ್ದು ಬೇರೆ ಥರ ಬಂತು. ನಳಿಗೆ ನಡುವಿನಲ್ಲಿ ಉಬ್ಬಿತ್ತು, ಕೇರೆ ಹಾವು ಇಲಿ ನುಂಗಿದ ಹಾಗೆ. ಒಡೆದಿದ್ದರೆ ಎಡಗೈ ಅಲ್ಲೇ ಇತ್ತು. ಅಪ್ಪಯ್ಯ ಏನೂ ಬೈಯಲಿಲ್ಲ, ಅದೇ ಭಯ ಆಗಿತ್ತು. ಮದ್ದಿಗೂ ಗುಂಡಿಗೂ ನಡುವೆ ಜಾಗ ಬಿಡಬಾರದು. ಗಜದ ಮೇಲೆ ಎರಡು ಗೆರೆ ಹಾಕು, ಖಾಲಿ ಇದ್ದಾಗ ಎಲ್ಲಿಗೆ, ತುಂಬಿದಾಗ ಎಲ್ಲಿಗೆ ಅಂತ. ನಮ್ಮ ಕೋವಿಯ ಗಜಕ್ಕೆ ಆಮೇಲೆ ಅಪ್ಪಯ್ಯ ಕತ್ತಿಯಲ್ಲಿ ಕೆತ್ತಿ ಇಟ್ಟಿದ್ದರು.

ಇನ್ನೊಂದು. ತೋಟಾ ಒಡೆದು ಅದರ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಹಾಕುವ ಬುದ್ಧಿವಂತರು ಹಿಂದೆ ಇದ್ದರು. ಅವರ ಬೆರಳು ಎಣಿಸಿ ನೋಡಿದರೆ ಸಾಕು, ಹೆಚ್ಚು ಹೇಳಬೇಕಾಗಿಲ್ಲ.

ಜಿಡ್ಡಿನ ವಿಚಾರ ಯಾರೂ ಹೇಳಲಿಲ್ಲ. ಬಟ್ಟೆಗೆ ಏನು ಸವರುತ್ತೀಯಾ ಮಾಣಿ?

ಸಿರ್ಸಿಮಾಣಿ

ಕೊಬ್ಬರಿ ಎಣ್ಣೆ ಭಾವ. ಅಲ್ಲಿ ಚಳಿಗೆ ಗಟ್ಟಿ ಆಗುತ್ತದೆ, ಬೇಸಿಗೆಯಲ್ಲಿ ನೀರಾಗಿ ಮದ್ದಿಗೆ ಇಳಿಯುತ್ತದೆ. ಒಂದೆರಡು ಸಲ ಕೇಪು ಮಾತ್ರ ಹೊಡೆದು ಮದ್ದು ಹೊತ್ತಲಿಲ್ಲ.

ತೋಟದಭಾವ

ಅಯ್ಯೋ, ಮುರುಗಲ ತುಪ್ಪ ಇಲ್ವಾ ಮನೆಯಲ್ಲಿ? ಹಿಮ್ಮಡಿ ಒಡೆದರೆ ಆಯಿ ಹಚ್ಚುವ ಆ ಬಿಳಿ ಉಂಡೆ. ಸೆಖೆಗೂ ಸುಲಭಕ್ಕೆ ನೀರಾಗುವುದಿಲ್ಲ. ಜೇನುಮೇಣ ಸ್ವಲ್ಪ ಸೇರಿಸಿ ಕಾಯಿಸಿ ಬಟ್ಟೆ ಅದ್ದಿ ಒಣಗಿಸು. ನಾವು ಗಜದ ಬಟ್ಟೆಗೆ ಹಾಗೆ ಮಾಡುತ್ತಿದ್ದೆವು.

ತೊಳೆಯುವುದಕ್ಕೆ ಮಾತ್ರ ಬಿಸಿನೀರೇ ಬೇಕು. ಅಜ್ಜ ಬಚ್ಚಲ ಹಂಡೆಯಿಂದ ಕುದಿಯುವ ನೀರು ತಂದು ನಳಿಗೆಗೆ ಹೊಯ್ಯುತ್ತಿದ್ದರು. ಕಾಡಿಗೆ ಥರ ಕಪ್ಪು ನೀರು, ಜೊತೆಗೆ ಗಂಧಕದ ನಾತ. ಅಜ್ಜಿ ಒಳಗಿನಿಂದ, "ಬಚ್ಚಲ ತುಂಬ ಕೋಳಿಮೊಟ್ಟೆ ವಾಸನೆ, ಮಡಿ ಎಲ್ಲಿ ಉಳೀತು" ಅಂತ ಕೂಗುತ್ತಿದ್ದರು. ಆ ರಾತ್ರಿಯೇ ತೊಳೆಯದಿದ್ದರೆ ನಮ್ಮ ಮಳೆಗಾಲದಲ್ಲಿ ಬೆಳಗಾಗುವಷ್ಟರಲ್ಲಿ ತುಕ್ಕು.

ಕುಮಟಾಕ್ಕ

ಮುರುಗಲ ತುಪ್ಪ! ನನಗೆ ಇದು ಹೊಳೆಯಲೇ ಇಲ್ಲ. ಇಲ್ಲಿ ಕುರಿಕೊಬ್ಬು, ಜೇನುಮೇಣ ಬೆರೆಸುತ್ತಾರೆ. ಪೆಟ್ರೋಲಿಯಂ ಗ್ರೀಸು ಬೇಡ, ಈ ಮದ್ದಿನ ಜೊತೆ ಸೇರಿ ಟಾರಿನ ಹಾಗೆ ಅಂಟುತ್ತದೆ. ನಾನೂ ಪ್ರಯೋಗ ಮಾಡುತ್ತೇನೆ.

ತಮ್ಮಾ, ಮದ್ದು ಹೊತ್ತದಿದ್ದಾಗ ಏನು ಮಾಡಿದೆ? ಮೂತಿ ಬೋರ್ಡಿನ ಕಡೆಗೇ ಇಟ್ಟು ಒಂದು ನಿಮಿಷವಾದರೂ ಕಾಯಬೇಕು. ತಡವಾಗಿ ಹೊತ್ತುವುದುಂಟು. ತಿರುಗಿಸಿ ಮೂತಿ ನೋಡುವ ಕೆಲಸ ಯಾವತ್ತೂ ಇಲ್ಲ.

ಕಾಳಿಸಂಗಮ

ಮಾಣಿ, ಹೊರಡುವ ಮೊದಲು ಒಂದು ಮಾತು. ಅಚ್ಚು, ಗುಂಡು ಎರಡೂ ಮನೆಯಲ್ಲೇ ಇರಲಿ. ಬ್ಯಾಗಿನಲ್ಲಿ ಸೀಸದ ಗುಂಡು ಕಂಡರೆ ವಿಮಾನ ನಿಲ್ದಾಣದಲ್ಲಿ ಅಜ್ಜನ ನೆನಪು ಅಂತ ವಿವರಿಸುತ್ತ ಕೂರಬೇಕಾಗುತ್ತದೆ, ವಿಮಾನ ಹೋಗಿರುತ್ತದೆ. ಆ ಪಿಸ್ತೂಲನ್ನು ಇಲ್ಲಿಗೆ ತರುವ ಯೋಚನೆಯೂ ಬೇಡ. ಅಲ್ಲಿ ಹಳೆ ನಮೂನೆ ಅಂತ ಸುಲಭಕ್ಕೆ ಸಿಗಬಹುದು, ಇಲ್ಲಿ 1959ರ ಆಯುಧ ಕಾಯ್ದೆಗೆ ಅದು ಬಂದೂಕೇ. ರಿಪೇರಿ ಮಾಡಿದರೂ ಹಾರದಂಥ ಹಳೆ ವಸ್ತುವಿಗೆ ಮಾತ್ರ ವಿನಾಯಿತಿ.

ಸಿರ್ಸಿಮಾಣಿ

ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಹಿಮ ಕರಗುವವರೆಗೆ ಮೈದಾನಕ್ಕೆ ಹೋಗಲು ಆಗಲಿಲ್ಲ.

ಗೀರು ಅಳೆದೆವು. ಹತ್ತು ಇಂಚಿಗೆ ಕಾಲು ಸುತ್ತಿಗೂ ಸ್ವಲ್ಪ ಕಡಿಮೆ ತಿರುಗಿತು. 48 ಇಂಚಿಗೆ ಒಂದು ಸುತ್ತು ಅಂತ ಲೆಕ್ಕ ಬಂತು. ಅಂದರೆ ಉರುಟು ಗುಂಡಿನ ನಳಿಗೆ. ಮೊನೆಗುಂಡಿನ ಡಬ್ಬಿ ಗೆಳೆಯನಿಗೆ ಕೊಟ್ಟುಬಿಟ್ಟೆ.

ಗುಂಡು ತೂಗಿದೆ. ಐವತ್ತರಲ್ಲಿ ನಲವತ್ತೇಳು 11.4ರಿಂದ 11.5 ಗ್ರಾಂ ಒಳಗೆ. ಮೂರು ಮಾತ್ರ 11.2. ಅದರಲ್ಲಿ ಒಂದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ನೋಡಿದರೆ ಒಳಗೆ ಸಣ್ಣ ಕಾಳುಮೆಣಸಿನಷ್ಟು ಗುಳ್ಳೆ ಇತ್ತು. ನೋಡಿ ಖುಷಿಯಾಯಿತು, ಯಾಕೋ ಗೊತ್ತಿಲ್ಲ.

ಬಟ್ಟೆ ಅಂಗಡಿಗೆ ವರ್ನಿಯರ್ ಹಿಡಿದುಕೊಂಡು ಹೋದೆ. ಅಂಗಡಿಯ ಅಜ್ಜಿ ವಿಚಿತ್ರವಾಗಿ ನೋಡಿದರು. ಹಾಸಿಗೆಯ ಗಟ್ಟಿ ಹತ್ತಿ ಬಟ್ಟೆ ಒಂದು, 0.4 ಬಂತು. ಇನ್ನೊಂದು 0.3. ಎಳೆ ಸುಟ್ಟು ನೋಡಿಯೇ ಕೊಂಡೆ, ಹೊರಗೆ ನಿಂತು. ಆಯಿ ಕೊಟ್ಟಿದ್ದ ಮುರುಗಲ ತುಪ್ಪಕ್ಕೆ ಜೇನುಮೇಣ ಸೇರಿಸಿ ಅದ್ದಿದೆ.

ಮೂರು ಶನಿವಾರ ಹೋಯಿತು. 0.3ರ ಬಟ್ಟೆಗೆ ಆರು ಇಂಚು. ಬಿದ್ದ ಚೂರು ಎಲ್ಲ ನಡುವೆ ಸುಟ್ಟಿದ್ದವು, ಆದರೆ ಬಳೆಯಷ್ಟಲ್ಲ, ದೋಸೆಯ ತೂತಿನಷ್ಟು. 0.4ರ ಬಟ್ಟೆ ಹಾಕಿದೆ. ಮೂತಿಯಲ್ಲಿ ಇಳಿಸಲು ಸಣ್ಣ ಮರದ ಗುಬುಟಿನಿಂದ ಒಂದು ಏಟು ಬೇಕಾಯಿತು, ಆಮೇಲೆ ಗಜಕ್ಕೆ ಸರಾಗ ಇಳಿಯಿತು. 20 ಗ್ರೇನಿಗೆ ನಾಲ್ಕು ಇಂಚು. 22ಕ್ಕೆ ಐದು ತೂತೂ ಮೂರು ಇಂಚಿನೊಳಗೆ. 24ಕ್ಕೆ ಮತ್ತೆ ಚೆಲ್ಲಲು ಶುರುವಾಯಿತು. ಕಾಗದ ಇಟ್ಟುಕೊಂಡಿದ್ದೇನೆ. ಊಟದ ತಟ್ಟೆಯಿಂದ ಸಂಡಿಗೆಗೆ ಬಂದೆ ಅಂತ ಇಟ್ಟುಕೊಳ್ಳಿ. ಪಾಯಿಂಟ್ 495 ಗುಂಡೂ ತಂದಿದ್ದೇನೆ, ಅದಕ್ಕೆ 0.3ರ ಬಟ್ಟೆ ಹೊಂದುತ್ತದಾ ಅಂತ ಮುಂದಿನ ವಾರ.

ಒಂದು ಸಮಸ್ಯೆ ಉಳಿದಿದೆ. ಮೇಜಿಗೆ ಊರಿದರೆ ಸಂಡಿಗೆ, ಎದ್ದು ನಿಂತು ಒಂದೇ ಕೈಯಲ್ಲಿ ಹೊಡೆದರೆ ಮತ್ತೆ ತಟ್ಟೆ. ಎಲ್ಲ ಎಡಕ್ಕೆ, ಕೆಳಕ್ಕೆ.

ಕುಮಟಾಕ್ಕ

ಅದಕ್ಕೆ ಗುಂಡೂ ಕಾರಣ ಅಲ್ಲ, ಬಟ್ಟೆಯೂ ಅಲ್ಲ. ಸದ್ದಿಗೆ ಮೊದಲೇ ಹೆದರಿ ಬೆರಳು ಜಗ್ಗುತ್ತಿದ್ದೀಯಾ. ಖಾಲಿ ಪಿಸ್ತೂಲಿನ ಕೇಪು ಕೂರುವ ಮೊಲೆಯ ಮೇಲೆ ರಬ್ಬರಿನ ತುಂಡು ಇಟ್ಟು, ಗೋಡೆಗೆ ಚುಕ್ಕೆ ಅಂಟಿಸಿ ದಿನಕ್ಕೆ ಇಪ್ಪತ್ತು ಸಲ ಬರೀ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿಡುವ ಅಭ್ಯಾಸ ಮಾಡು. ಮದ್ದು ಆ ಕೋಣೆಯಲ್ಲೇ ಇರಬಾರದು. ಒಂದು ತಿಂಗಳು ಬಿಟ್ಟು ಹೇಳು.

ತೋಟದಭಾವ

ಅಜ್ಜನ ಹನ್ನೊಂದು ಗುಂಡು ಏನಾಯಿತು?

ಸಿರ್ಸಿಮಾಣಿ

ಅಲ್ಲೇ ಡಬ್ಬಿಯಲ್ಲಿದೆ ಭಾವ. ಈಗ ಹತ್ತು. ಒಂದನ್ನು ಆಯಿ ಒಗ್ಗರಣೆ ಸೌಟಿನ ಮೊಳೆ ಬಡಿಯಲು ಬೇಕು ಅಂದಳು. ಸೀಸ, ಅಡುಗೆಮನೆಗೆ ಬೇಡ ಅಂತ ಫೋನಿನಲ್ಲಿ ಅರ್ಧ ಗಂಟೆ ಜಗಳ ಮಾಡಿದ್ದೇನೆ. ವಾಪಸ್ ಇಟ್ಟಳೋ ಇಲ್ವೋ ಗೊತ್ತಿಲ್ಲ.